ಮನೆಯೊಳಗಿನ ಇತಿಹಾಸ: ಕೇಳುವ, ಬರೆದಿಡುವ, ಕಾಪಾಡುವ ಕ್ರಮ

1. ಪೀಠಿಕೆ

ಇತಿಹಾಸವೆಂದೊಡನೆ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ಅರಸರ ಹೆಸರು, ಯುದ್ಧಗಳ ವರ್ಷ, ಒಪ್ಪಂದಗಳ ಷರತ್ತು. ಪರೀಕ್ಷೆಯ ದೃಷ್ಟಿಯಿಂದ ಅದು ಸಹಜವೇ ಸರಿ. ಆದರೆ ಪಠ್ಯಪುಸ್ತಕದ ಇತಿಹಾಸದ ಪಕ್ಕದಲ್ಲಿಯೇ ಮತ್ತೊಂದು ಇತಿಹಾಸವುಂಟು. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ, ನಡುಮನೆಯ ಗೋಡೆಯ ಭಾವಚಿತ್ರದಲ್ಲಿ, ಎಲ್ಲಕ್ಕೂ ಮಿಗಿಲಾಗಿ ಮನೆಯ ಹಿರಿಯರ ನೆನಪಿನಲ್ಲಿ ಅದು ನೆಲಸಿದೆ. ನಮ್ಮ ಅಜ್ಜ ಯಾವ ಊರಿನಿಂದ ಹೊರಟು ಈ ಬೆಟ್ಟವನ್ನು ಹತ್ತಿದರು, ಏಕೆ ಹತ್ತಿದರು, ಮೊದಲ ಮಳೆಗಾಲವನ್ನು ಎಲ್ಲಿ ಕಳೆದರು ಎಂಬ ಪ್ರಶ್ನೆಗಳಿಗೆ ಯಾವ ಪಠ್ಯಪುಸ್ತಕವೂ ಉತ್ತರ ಕೊಡಲಾರದು. ಉತ್ತರ ಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಅವರ ಕಾಲಾನಂತರ ಆ ಉತ್ತರವು ಎಲ್ಲಿಯೂ ದೊರೆಯದು.

ಹಳೆಯ ವಸ್ತುಗಳನ್ನು ಜೋಪಾನವಾಗಿ ಇಟ್ಟುಕೊಂಡರೆ ಸಾಕು, ಮನೆಯ ಇತಿಹಾಸ ತಾನಾಗಿ ಉಳಿಯುತ್ತದೆ ಎಂಬ ಭಾವನೆ ಅನೇಕರಲ್ಲಿದೆ. ವಿಚಾರಮಾಡಿ ನೋಡಿದರೆ ಇದು ಅರ್ಧ ಮಾತ್ರ ಸತ್ಯ. ಪೆಟ್ಟಿಗೆಯಲ್ಲಿ ಒಂದು ಭಾವಚಿತ್ರವಿದೆಯೆನ್ನೋಣ. ಅದರಲ್ಲಿರುವವರು ಯಾರೆಂದು ಹೇಳಬಲ್ಲ ಕೊನೆಯ ವ್ಯಕ್ತಿ ತೀರಿಕೊಂಡ ದಿನ ಆ ಚಿತ್ರ ಹಾಗೆಯೇ ಇರುತ್ತದೆ, ಆದರೆ ಅದು ಮೂಕವಾಗುತ್ತದೆ. ವಸ್ತುವಿನೊಡನೆ ಅದರ ಮಾತೂ ಉಳಿಯಬೇಕು. ಆ ಮಾತನ್ನು ಹೇಳಬಲ್ಲವರಿರುವಾಗಲೇ, ಅವರದೇ ಭಾಷೆಯಲ್ಲಿ, ಅವರ ಒಪ್ಪಿಗೆಯಿಂದ ಪಡೆದಿಡಬೇಕು. ಈ ಲೇಖನದ ಸಾರಾಂಶವು ಇಷ್ಟೇ. ಅದನ್ನು ಸಾಧಿಸುವ ಕ್ರಮವನ್ನು ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ಉಪಯೋಗವಾಗುವಂತೆ ಮುಂದೆ ವಿವರಿಸಲಾಗಿದೆ.

2. ನಮ್ಮ ಬೆಟ್ಟಗಳಲ್ಲಿಯೇ ನಡೆದ ಕೆಲಸ

ಕೇಳಿ ಬರೆದಿಡುವ ಈ ವಿದ್ಯೆ ನಮಗೆ ದೂರದ್ದೆಂದು ಭಾವಿಸಬೇಕಾಗಿಲ್ಲ. ಪ್ರಪಂಚದ ವಿದ್ವಾಂಸರು ಮೆಚ್ಚಿಕೊಂಡ ಇಂಥ ಎರಡು ಪ್ರಯತ್ನಗಳು ನಡೆದದ್ದು ನಮ್ಮ ನೀಲಗಿರಿಯಲ್ಲಿಯೇ.

ಡಬ್ಲ್ಯೂ. ಎಚ್. ಆರ್. ರಿವರ್ಸ್ ಎಂಬ ಆಂಗ್ಲ ವಿದ್ವಾಂಸರು 1901–02ರಲ್ಲಿ ಇಲ್ಲಿಗೆ ಬಂದು ತೋಡರ ನಡುವೆ ಸಂಶೋಧನೆ ನಡೆಸಿದರು. ಆಗ ತೋಡರ ಒಟ್ಟು ಸಂಖ್ಯೆ ಸುಮಾರು 800. ರಿವರ್ಸ್ ಅನುಸರಿಸಿದ ಮಾರ್ಗ ಬಹು ಸರಳವಾದುದು. ನಿನ್ನ ತಂದೆಯ ಹೆಸರೇನು, ತಾಯಿಯ ಹೆಸರೇನು, ಅವರ ಮಕ್ಕಳೆಷ್ಟು ಮಂದಿ, ಯಾರು ಯಾರನ್ನು ಮದುವೆಯಾದರು ಎಂದು ಒಬ್ಬೊಬ್ಬರನ್ನೇ ಕೇಳುತ್ತ ಹೋಗಿ, ಒಬ್ಬರು ಹೇಳಿದುದನ್ನು ಮತ್ತೊಬ್ಬರ ಮಾತಿನೊಡನೆ ತಾಳೆನೋಡಿ ವಂಶಾವಳಿಗಳನ್ನು ಸಿದ್ಧಪಡಿಸಿದರು. 1906ರಲ್ಲಿ ಪ್ರಕಟವಾದ ಅವರ ‘ದಿ ತೋಡಾಸ್’ ಎಂಬ ಗ್ರಂಥದಲ್ಲಿ 70ಕ್ಕಿಂತ ಹೆಚ್ಚು ವಂಶಾವಳಿಗಳಿವೆ. ತೀರಿಹೋದ ಬಂಧುಗಳ ಹೆಸರನ್ನು ಬಾಯಲ್ಲಿ ಆಡಬಾರದೆಂಬ ನಿಷೇಧ ತೋಡರಲ್ಲಿತ್ತು. ಆದಕಾರಣ ಒಂದು ಮನೆಯ ಹಿರಿಯರ ಹೆಸರುಗಳನ್ನು ಬೇರೆ ಮನೆಯವರಿಂದ ಕೇಳಿ ತಿಳಿಯಬೇಕಾಯಿತು. ಮನೆಯ ಇತಿಹಾಸವನ್ನು ಮನೆಯವರಷ್ಟೇ ಬಲ್ಲರೆಂದು ತಿಳಿಯಬಾರದು, ನೆರೆಯವರ ನೆನಪಿನಲ್ಲಿಯೂ ಅದರ ಪಾಲಿದೆ ಎಂಬ ಪಾಠವನ್ನು ನಾವು ಇದರಿಂದ ಕಲಿಯಬಹುದು.

ಎರಡನೆಯದು ಸುಲ್ಲಿ ಎಂಬ ಕೋತ ಗೃಹಸ್ಥರ ವಿಷಯ. ಸುಲ್ಲಿ ಶಾಲೆ ಕಲಿತು ಉಪಾಧ್ಯಾಯರಾಗಿದ್ದವರು. 1935ರಿಂದ 1938ರವರೆಗೆ ಭಾರತದಲ್ಲಿದ್ದ ಭಾಷಾವಿದ್ವಾಂಸ ಎಂ. ಬಿ. ಎಮೆನೋ ಅವರಿಗೆ ಸುಲ್ಲಿ ಕೋತರ ಕಥೆಗಳನ್ನೂ ಊರಿನ ಸಂಗತಿಗಳನ್ನೂ ತಮ್ಮ ಭಾಷೆಯಲ್ಲಿಯೇ ಹೇಳಿ ಬರೆಯಿಸಿದರು. ಅವು 1944ರಿಂದ 1946ರ ಅವಧಿಯಲ್ಲಿ ‘ಕೋತ ಟೆಕ್ಸ್ಟ್ಸ್’ ಎಂಬ ಹೆಸರಿನಲ್ಲಿ ಪ್ರಕಟವಾದುವು. ಲಿಪಿಯೇ ಇಲ್ಲದಿದ್ದ ಭಾಷೆಯೊಂದರ ಮಾತು ಹೀಗೆ ಗ್ರಂಥಸ್ಥವಾಯಿತು. ಅದೇ ಕಾಲದಲ್ಲಿ ಬಂದ ಡೇವಿಡ್ ಮ್ಯಾಂಡೆಲ್‌ಬಾಮ್ ಎಂಬ ಮತ್ತೊಬ್ಬ ವಿದ್ವಾಂಸರು ಸುಲ್ಲಿಯವರ ಸ್ವಂತ ಜೀವನವನ್ನು ಕುರಿತು 1960ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ತಮ್ಮ ಜನರಲ್ಲಿ ಸುಧಾರಣೆಯನ್ನು ಬಯಸಿ, ಸಂಪ್ರದಾಯಕ್ಕೆ ವಿರುದ್ಧವಾಗಿ ಕೂದಲು ಕತ್ತರಿಸಿಕೊಂಡು, ಅದರ ಕಷ್ಟವನ್ನು ಅನುಭವಿಸಿದ ಒಬ್ಬ ಶಾಲಾಮಾಸ್ತರರ ಬದುಕು ಇಂದಿಗೂ ನಮಗೆ ತಿಳಿದುಬರುವುದು, ಅವರನ್ನು ಕುಳ್ಳಿರಿಸಿಕೊಂಡು ಕೇಳಿದವರೊಬ್ಬರಿದ್ದುದರಿಂದ.

ಇದಕ್ಕೆ ಪ್ರತಿಯಾದ ಉದಾಹರಣೆಯನ್ನೂ ನೋಡೋಣ. ನೀಲಗಿರಿಯ ಮೊದಲನೆಯ ಕಮಿಷನರಾಗಿದ್ದ ಜೇಮ್ಸ್ ಬ್ರೀಕ್ಸ್ ಅವರ ಗ್ರಂಥ 1873ರಲ್ಲಿ ಭಾವಚಿತ್ರಗಳೊಡನೆ ಪ್ರಕಟವಾಯಿತು. ಎ. ಟಿ. ಡಬ್ಲ್ಯೂ. ಪೆನ್ ಎಂಬ ಛಾಯಾಗ್ರಾಹಕರು 1875ರ ಸುಮಾರಿನಿಂದ ಉದಕಮಂಡಲದಲ್ಲಿ ನೆಲಸಿ ಈ ಬೆಟ್ಟಗಳ ಜನರನ್ನೂ ನೋಟಗಳನ್ನೂ ಚಿತ್ರಿಸಿದರು. ಆ ಕಾಲದ ಇಂಥ ಚಿತ್ರಗಳಲ್ಲಿ ಅನೇಕವು ಇಂದು ವಿದೇಶದ ಸಂಗ್ರಹಾಲಯಗಳಲ್ಲಿ ಸುರಕ್ಷಿತವಾಗಿವೆ. ಆದರೆ ಚಿತ್ರದ ಕೆಳಗೆ ಬರೆದಿರುವುದೇನು? ಬಹುಪಾಲು ‘ಬಡಗ ಹೆಂಗಸು’, ‘ತೋಡ ಗಂಡಸು’, ‘ಕುರುಂಬರ ಗುಂಪು’ ಎಂಬಷ್ಟೇ. ಕುಲದ ಹೆಸರುಂಟು, ಮನುಷ್ಯರ ಹೆಸರಿಲ್ಲ. ಅವರೂ ಯಾರದೋ ಮನೆಯ ತಾಯಿ, ಯಾರದೋ ಮನೆಯ ಮಗ. ಚಿತ್ರ ತೆಗೆದ ದಿನ ಹೆಸರನ್ನು ಕೇಳಿ ಬರೆದುಕೊಳ್ಳಲು ಅರೆನಿಮಿಷ ಸಾಕಾಗಿತ್ತು. ಇಂದು ನೂರು ವರ್ಷ ಹುಡುಕಿದರೂ ಅವುಗಳಲ್ಲಿ ಎಷ್ಟೋ ಹೆಸರುಗಳು ದೊರೆಯಲಾರವು.

3. ನಮ್ಮ ಮನೆಗಳಲ್ಲಿ ಇರುವುದೇನು?

ನಮ್ಮ ಮನೆ ಬಡವರ ಮನೆ, ನಮ್ಮಲ್ಲಿ ಇತಿಹಾಸಕ್ಕೆ ಬೇಕಾದುದು ಏನಿದೆ ಎಂದು ಕೆಲವು ಪಾಲಕರು ಕೇಳುವುದುಂಟು. ಈ ಜಿಲ್ಲೆಯ ಚರಿತ್ರೆಯನ್ನು ಬಲ್ಲವರು ಹಾಗೆ ಹೇಳಲಾರರು.

ಗೂಡಲೂರಿನ ಸೀಮೆಯನ್ನೇ ತೆಗೆದುಕೊಳ್ಳಿ. ಆಗ್ನೇಯ ವಯನಾಡೆಂದು ಮಲಬಾರಿಗೆ ಸೇರಿದ್ದ ಆ ಪ್ರದೇಶ ನೀಲಗಿರಿಗೆ ಸೇರಿದುದು 1877ರಲ್ಲಿ. ಅಲ್ಲಿನ ಭೂಮಿಯ ಬಹುಭಾಗದ ಜನ್ಮಹಕ್ಕು ನಿಲಂಬೂರು ಕೋವಿಲಗಂಗೆ ಸೇರಿತ್ತು. ಗೂಡಲೂರು ಜನ್ಮಂ ಭೂಮಿಗಳ ರದ್ದಿಯಾತಿಯ ಕಾಯಿದೆ ಬಂದುದು 1969ರಲ್ಲಿ. ಇಂಥ ಕಡೆ ಒಂದು ಹಳೆಯ ಗೇಣಿಯ ರಸೀದಿ ಒಂದು ಕುಟುಂಬ ಎಂದಿನಿಂದ ಆ ನೆಲದಲ್ಲಿದೆ ಎಂಬುದನ್ನು ಹೇಳುವ ಸಾಕ್ಷಿ. ಮಸಿನಗುಡಿಯ ಕಡೆಗೆ ಬಂದರೆ, ಪೈಕಾರಾ ಜಲವಿದ್ಯುತ್ ಕೇಂದ್ರ 1932ರಲ್ಲಿಯೂ ಮೋಯಾರ್ ಕೇಂದ್ರ 1952ರಲ್ಲಿಯೂ ಕಾರ್ಯಾರಂಭ ಮಾಡಿದುವು. ಕಾಲುವೆ ಅಗೆದವರು, ಕೊಳವೆ ಹೊತ್ತವರು, ಯಂತ್ರದ ಬಳಿ ರಾತ್ರಿಪಾಳಿ ನಿಂತವರು ಯಾರು? ಅಂಥವರ ಮನೆಯಲ್ಲಿ ಕೆಲಸದ ಬಿಲ್ಲೆಯೋ ಸಂಬಳದ ಚೀಟಿಯೋ ಇದ್ದರೆ ಅದು ಇತಿಹಾಸವೇ. ಉದಕಮಂಡಲದಲ್ಲಿ ಮೈಸೂರು ಅರಸರ ಫರ್ನ್‌ಹಿಲ್ ಅರಮನೆಯಿದೆ. ಅರಸರು ಬೇಸಗೆಗೆ ಬಂದಾಗ ಅಡಿಗೆ, ಲಾಯ, ತೋಟ ಇವುಗಳ ಕೆಲಸಕ್ಕೆ ಬೆಟ್ಟ ಹತ್ತಿದವರ ಹೆಸರುಗಳನ್ನು ಹೇಳಬಲ್ಲ ಮನೆಗಳಿದ್ದರೆ ಅವೂ ಇತಿಹಾಸದ ಮನೆಗಳೇ.

1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ತರುವಾಯ ಸಿಂಹಳದ ಚಹಾ ತೋಟಗಳಿಂದ ಮರಳಿ ಬಂದ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ಬಹಳ. ಮಂಡಪಂ ಶಿಬಿರದಲ್ಲಿ ಅವರಿಗೆ ಕೊಟ್ಟ ಕುಟುಂಬ ಕಾರ್ಡನ್ನು ಇಂದಿಗೂ ಜೋಪಾನವಾಗಿಟ್ಟುಕೊಂಡಿರುವವರುಂಟು. ನಮ್ಮ ಮಕ್ಕಳ ಸಹಪಾಠಿಗಳಲ್ಲಿ, ನೆರೆಮನೆಗಳಲ್ಲಿ ಇಂಥವರಿದ್ದಾರೆ. ಭಾಷೆ ತಮಿಳಾದರೇನು, ಕನ್ನಡವಾದರೇನು? ಹಡಗನ್ನೇರಿ ಬಂದ ಅಜ್ಜಿಯ ಕಥೆಯೂ ಸೀಗೂರು ಘಾಟಿಯನ್ನು ಕಾಲ್ನಡಿಗೆಯಲ್ಲಿ ಹತ್ತಿ ಬಂದ ಅಜ್ಜನ ಕಥೆಯೂ ಇದೇ ನೆಲದ ಕಥೆಗಳು.

ಕನ್ನಡ ಮನೆಗಳ ವಿಷಯದಲ್ಲಿ ವಿಶೇಷವಾದ ಒಂದು ತುರ್ತು ಇದೆ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು, ನೀಲಗಿರಿಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಗುಂಡ್ಲುಪೇಟೆ, ನಂಜನಗೂಡು ಕಡೆಯ ನಂಟರೊಡನೆ ಕಾಗದದ ವ್ಯವಹಾರ ಕನ್ನಡದಲ್ಲಿ ನಡೆಯುತ್ತಲೇ ಇತ್ತು. ಆ ಕಾರ್ಡುಗಳೂ ಕವರುಗಳೂ ಇನ್ನೂ ಪೆಟ್ಟಿಗೆಗಳಲ್ಲಿವೆ. ಆದರೆ ಮೊಮ್ಮಕ್ಕಳಲ್ಲಿ ಅನೇಕರು ತಮಿಳನ್ನೂ ಇಂಗ್ಲಿಷನ್ನೂ ಮಾತ್ರ ಓದಬಲ್ಲರು. ಮನೆಯಲ್ಲಿ ಕನ್ನಡ ಆಡುವವರಿಗೂ ಅಜ್ಜನ ಮೋಡಿ ಅಕ್ಷರ ತಿಳಿಯುವುದಿಲ್ಲ. ಇನ್ನು ಹತ್ತು ವರ್ಷ ಕಳೆದರೆ ಕಾಗದವಿದ್ದೂ ಓದುವವರಿಲ್ಲದಂತಾಗುವ ಮನೆಗಳು ಹಲವು.

4. ಕೇಳುವ ಕ್ರಮ

ಇಂದು ಧ್ವನಿಮುದ್ರಣಕ್ಕೆ ದೊಡ್ಡ ಯಂತ್ರವೇನೂ ಬೇಕಾಗಿಲ್ಲ. ಮನೆಯಲ್ಲಿರುವ ಮೊಬೈಲ್ ಫೋನೇ ಸಾಕು. ಬೇಕಾದುದು ತಾಳ್ಮೆ ಮತ್ತು ಮುಂಚಿನ ಸಿದ್ಧತೆ.

ಮೊದಲು ಸ್ಥಳವನ್ನು ಗೊತ್ತುಮಾಡಿಕೊಳ್ಳಿ. ನಮ್ಮ ಕಡೆಯ ತಗಡಿನ ಛಾವಣಿಯ ಮೇಲೆ ಮಳೆ ಬಿದ್ದರೆ ಮಾತು ಕೇಳಿಸದು. ಮಳೆಯಿಲ್ಲದ ಹೊತ್ತನ್ನು ಆರಿಸಿಕೊಳ್ಳಬೇಕು. ಟೆಲಿವಿಷನ್ ನಿಲ್ಲಿಸಿ, ಫೋನಿಗೆ ಕರೆಗಳು ಬಾರದಂತೆ ಮಾಡಿ, ಹೇಳುವವರಿಂದ ಒಂದು ಮೊಳ ದೂರದಲ್ಲಿ ಬಟ್ಟೆಯ ಮಡಿಕೆಯ ಮೇಲೆ ಅದನ್ನಿಡಿ. ಒಂದೆರಡು ನಿಮಿಷ ಮುದ್ರಿಸಿ, ಕೇಳಿ ನೋಡಿ, ಅನಂತರ ಆರಂಭಿಸಿ. ಆರಂಭದಲ್ಲಿ ಕೇಳುವವನು ತನ್ನ ಹೆಸರು, ಹೇಳುವವರ ಹೆಸರು, ಊರು, ದಿನಾಂಕ ಇವನ್ನು ಸ್ಪಷ್ಟವಾಗಿ ಉಚ್ಚರಿಸತಕ್ಕದ್ದು. ಹಾಗೆ ಮಾಡಿದರೆ ಕಡತದ ಹೆಸರು ಅಳಿಸಿಹೋದರೂ ಧ್ವನಿಯೇ ತನ್ನ ಗುರುತನ್ನು ಹೇಳುತ್ತದೆ.

ಎರಡನೆಯದು ಪ್ರಶ್ನೆಯ ರೀತಿ. ‘ಅಜ್ಜಿ, ಆ ಕಾಲದಲ್ಲಿ ತುಂಬ ಕಷ್ಟವಿತ್ತಲ್ಲವೇ?’ ಎಂದು ಕೇಳಿದರೆ ಅಜ್ಜಿ ‘ಹೌದಪ್ಪ, ಕಷ್ಟವಿತ್ತು’ ಎಂದು ಸುಮ್ಮನಾಗುತ್ತಾಳೆ. ಉತ್ತರವನ್ನು ನಾವೇ ಪ್ರಶ್ನೆಯೊಳಗೆ ಇಟ್ಟುಬಿಟ್ಟಂತಾಯಿತು. ‘ಅಜ್ಜಿ, ನೀನು ಮದುವೆಯಾಗಿ ಈ ಊರಿಗೆ ಬಂದಾಗ ಯಾವ ದಾರಿಯಲ್ಲಿ ಬಂದೆ? ಜೊತೆಯಲ್ಲಿ ಯಾರಿದ್ದರು? ರಾತ್ರಿ ಎಲ್ಲಿ ಉಳಿದಿರಿ? ಬುತ್ತಿಯಲ್ಲಿ ಏನಿತ್ತು?’ ಎಂದು ಕೇಳಿ ನೋಡಿ. ದಾರಿ ನೆನಪಾಗುತ್ತದೆ, ದಾರಿಯೊಡನೆ ಕಾಡು, ಕಾಡಿನೊಡನೆ ಭಯ, ಭಯದೊಡನೆ ಜೊತೆಯಲ್ಲಿದ್ದವರ ಮುಖ, ಹೀಗೆ ಒಂದರ ಹಿಂದೆ ಒಂದು ಹೊರಡುತ್ತವೆ. ಕಣ್ಣು, ಕಿವಿ, ಮೂಗುಗಳಿಗೆ ಸಂಬಂಧಿಸಿದ ಪ್ರಶ್ನೆಗಳೇ ನೆನಪಿನ ಬಾಗಿಲ ಕೀಲಿಕೈಗಳು.

ಮನೆಯ ಅಜ್ಜಿಯನ್ನು ‘ನೀನು’ ಎಂದು ಕರೆಯುವ ರೂಢಿಯಿದ್ದರೆ ಹಾಗೆಯೇ ಕೇಳಿರಿ. ಸಂದರ್ಶನವೆಂಬ ಗಾಂಭೀರ್ಯದಿಂದ ಬಹುವಚನವನ್ನು ತಂದರೆ ಅಜ್ಜಿಯೂ ಸಭೆಯಲ್ಲಿ ಭಾಷಣಮಾಡುವಂತೆ ಮಾತನಾಡಿಯಾಳು. ನೆರೆಯ ಹಿರಿಯರನ್ನಾದರೆ ‘ನೀವು’ ಎಂದೇ ಕೇಳತಕ್ಕದ್ದು. ಅವರು ಬಳಸುವ ಮಾತನ್ನು ತಿದ್ದಲು ಹೋಗಬೇಡಿ. ನಮ್ಮ ಹಿರಿಯರ ಕನ್ನಡದಲ್ಲಿ ತಮಿಳಿನ ಪದ, ಬಡಗ ಮಾತಿನ ಛಾಯೆ, ಎಸ್ಟೇಟಿನ ಇಂಗ್ಲಿಷ್ ಎಲ್ಲವೂ ಬೆರೆತಿವೆ. ಶಾಲೆಯಲ್ಲಿ ಶುದ್ಧ ಭಾಷೆಯನ್ನು ಕಲಿಸುವುದು ನಮ್ಮ ಕರ್ತವ್ಯ, ನಿಜ. ಆದರೆ ಇಲ್ಲಿ ಆ ಬೆರಕೆಯೇ ಅವರು ನಡೆದ ದಾರಿಯ ಗುರುತು.

ಮೂರನೆಯದು ಮೌನವನ್ನು ಸಹಿಸುವುದು. ಹಿರಿಯರು ಮಾತಿನ ನಡುವೆ ನಿಂತರೆ ಹುಡುಗರು ತಕ್ಷಣ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಮನಸ್ಸಿನಲ್ಲಿಯೇ ಹತ್ತರವರೆಗೆ ಎಣಿಸಿ ಕಾಯಿರಿ. ಎಷ್ಟೋ ಸಲ ಮುಖ್ಯವಾದ ಮಾತು ಆ ಮೌನದ ಆಚೆಗಿರುತ್ತದೆ. ಒಂದು ಸಲಕ್ಕೆ ಒಂದು ಗಂಟೆ ಮೀರಬಾರದು. ದಣಿದವರನ್ನು ಮತ್ತೊಂದು ದಿನ ಕೇಳಬಹುದು.

5. ಭಾವಚಿತ್ರಗಳು

ಭಾವಚಿತ್ರಗಳ ವಿಷಯದಲ್ಲಿ ಉದಕಮಂಡಲಕ್ಕೆ ಒಂದು ಹೆಮ್ಮೆಯುಂಟು. ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಕಾರ್ಖಾನೆ 1960ರಲ್ಲಿ ಇಲ್ಲಿ ಸ್ಥಾಪಿತವಾಗಿ, 1967ರಿಂದ ‘ಇಂದು’ ಎಂಬ ಹೆಸರಿನ ಫಿಲ್ಮನ್ನೂ ಚಿತ್ರದ ಕಾಗದವನ್ನೂ ತಯಾರಿಸಿತು. ದೇಶದ ಅದೆಷ್ಟೋ ಊರುಗಳ ಮದುವೆಯ ಚಿತ್ರಗಳು, ಶಾಲೆಯ ಗುಂಪುಚಿತ್ರಗಳು ಈ ಬೆಟ್ಟದಲ್ಲಿ ತಯಾರಾದ ಕಾಗದದ ಮೇಲೆ ಮೂಡಿದುವು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಅಲ್ಲಿ ಕತ್ತಲೆಕೋಣೆಗಳಲ್ಲಿ ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ದೇಶದ ನೆನಪುಗಳಿಗೆ ಕಾಗದ ಒದಗಿಸಿದ ಅವರ ಸ್ವಂತ ನೆನಪನ್ನು ಬರೆದಿಡುವುದು ನಮ್ಮ ವಿದ್ಯಾರ್ಥಿಗಳಿಗೆ ತಕ್ಕ ಕೆಲಸ.

ಚಿತ್ರವನ್ನು ಹಿರಿಯರ ಮುಂದಿಟ್ಟು ಕೇಳುವುದು ಸಂದರ್ಶನದ ಅತ್ಯುತ್ತಮ ವಿಧಾನ. ಎಡದಿಂದ ಬಲಕ್ಕೆ ಸಾಲುಸಾಲಾಗಿ ಹೆಸರನ್ನು ಕೇಳಿ ಬರೆದುಕೊಳ್ಳಬೇಕು. ‘ದೊಡ್ಡಮ್ಮ’, ‘ಸೋದರಮಾವ’ ಎಂದಷ್ಟೇ ಬರೆದರೆ ಸಾಲದು. ಯಾರಿಗೆ ದೊಡ್ಡಮ್ಮ? ಮುಂದಿನ ತಲೆಮಾರಿನವರಿಗೆ ತಿಳಿಯುವಂತೆ ಪೂರ್ಣನಾಮವನ್ನೂ ಸಂಬಂಧವನ್ನೂ ಬರೆಯಬೇಕು. ಚಿತ್ರ ಎಲ್ಲಿ ತೆಗೆದದ್ದು, ಯಾವ ಸಂದರ್ಭ, ಉಟ್ಟ ಸೀರೆ ಸ್ವಂತದ್ದೋ ಎರವಲೋ ಎಂಬುದನ್ನೂ ಕೇಳಿರಿ. ಚಿತ್ರದಲ್ಲಿ ಇಲ್ಲದವರು ಯಾರು, ಏಕೆ ಇಲ್ಲ ಎಂದು ಕೇಳುವುದು ಬಹಳ ಮುಖ್ಯ. ಆ ಒಂದು ಪ್ರಶ್ನೆಗೆ ಬರುವ ಉತ್ತರ ಕೆಲವೊಮ್ಮೆ ಚಿತ್ರಕ್ಕಿಂತ ದೊಡ್ಡದಾಗಿರುತ್ತದೆ.

ಚಿತ್ರದ ಹಿಂಬದಿಯಲ್ಲಿ ಬರೆಯುವುದಾದರೆ ಮೆದು ಸೀಸದಕಡ್ಡಿಯಿಂದ ಅಂಚಿನಲ್ಲಿ ಹಗುರವಾಗಿ ಬರೆಯಬೇಕು. ಬಾಲ್‌ಪೆನ್ನಿನ ಒತ್ತು ಮುಂಬದಿಯಲ್ಲಿ ಮೂಡುತ್ತದೆ, ಶಾಯಿಯೂ ಹರಡುತ್ತದೆ. ಅಂಟುಪಟ್ಟಿ, ಅಂಟುಹಾಳೆಯ ಆಲ್ಬಂ, ಲ್ಯಾಮಿನೇಷನ್ ಇವು ಮೂರೂ ಹಳೆಯ ಚಿತ್ರಗಳಿಗೆ ಶತ್ರುಗಳು. ಚಿತ್ರದ ಪ್ರತಿಯನ್ನು ಫೋನಿನಿಂದ ತೆಗೆಯುವುದಾದರೆ ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ, ಫ್ಲ್ಯಾಷ್ ಇಲ್ಲದೆ ತೆಗೆಯಿರಿ. ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆಯೋ ಬರಹವೋ ಇದ್ದರೆ ಅದರ ಪ್ರತಿಯನ್ನೂ ತೆಗೆಯಬೇಕು.

6. ಮನೆಯ ವಸ್ತುಗಳೂ ಕಾಗದಗಳೂ

ಒಂದು ವಸ್ತುವಿನ ಬೆಲೆ ಅದರ ಲೋಹದಲ್ಲಿಲ್ಲ ಎಂಬುದಕ್ಕೆ ದೂರದ ಒಂದು ನಿದರ್ಶನವನ್ನು ಕೊಡಬಹುದು. 2017ರಲ್ಲಿ ಅಮೃತಸರದಲ್ಲಿ ತೆರೆದ ದೇಶವಿಭಜನೆಯ ವಸ್ತುಸಂಗ್ರಹಾಲಯದಲ್ಲಿ ಒಂದು ಕಸೂತಿಯ ಮೇಲಂಗಿಯೂ ಒಂದು ಚರ್ಮದ ಕೈಪೆಟ್ಟಿಗೆಯೂ ಇವೆ. ಅವು 1947ರ ಗಲಭೆಯಲ್ಲಿ ಬೇರೆಬೇರೆ ದಾರಿಯಿಂದ ಪಾರಾಗಿ ಬಂದ, ಮೊದಲೇ ಮದುವೆ ನಿಶ್ಚಯವಾಗಿದ್ದ ಒಬ್ಬ ತರುಣಿ ಹಾಗೂ ಒಬ್ಬ ತರುಣನವು. ನಿರಾಶ್ರಿತರ ಶಿಬಿರದಲ್ಲಿ ಅವರು ಮತ್ತೆ ಒಬ್ಬರನ್ನೊಬ್ಬರು ಕಂಡು ಮದುವೆಯಾದರು. ಕಥೆ ತಿಳಿಯದವನಿಗೆ ಅದು ಒಂದು ಹಳೆಯ ಅಂಗಿ, ಒಂದು ಹಳೆಯ ಪೆಟ್ಟಿಗೆ. ಅದೇ ವರ್ಷ ಆಂಚಲ್ ಮಲ್ಹೋತ್ರಾ ಅವರು ವಿಭಜನೆಯ ಕಾಲದಲ್ಲಿ ಜನ ಕೈಯಲ್ಲಿ ಹಿಡಿದು ತಂದ ವಸ್ತುಗಳನ್ನೇ ಆಧಾರವಾಗಿಟ್ಟುಕೊಂಡು ಒಂದು ಗ್ರಂಥವನ್ನು ಪ್ರಕಟಿಸಿದರು. ಪಾತ್ರೆ, ಒಡವೆಗಳನ್ನು ಕೈಗೆ ತೆಗೆದುಕೊಂಡಾಗ ಹಿರಿಯರು ಅವುಗಳ ಮೂಲಕ ತಮ್ಮ ಬದುಕನ್ನೇ ಹೇಳತೊಡಗಿದರು.

ನಮ್ಮ ಮನೆಯಲ್ಲಿಯೂ ಸೇರು, ಅಡಕತ್ತರಿ, ಒರಳು, ತೊಟ್ಟಿಲು, ಕಂಬಳಿ, ಕೆಲಸದ ಕತ್ತಿ ಇವು ಇರುತ್ತವೆ. ಒಂದೊಂದಕ್ಕೂ ಒಂದು ಸಣ್ಣ ಚೀಟಿಯನ್ನು ಸಿದ್ಧಪಡಿಸಿ. ಮಾದರಿಗಾಗಿ ಒಂದನ್ನು ಕಲ್ಪಿಸಿಕೊಂಡು ಬರೆಯುತ್ತೇನೆ: ‘ಹಿತ್ತಾಳೆಯ ಸೇರು. ಅಜ್ಜಿ ಗುಂಡ್ಲುಪೇಟೆ ಕಡೆಯ ತವರಿನಿಂದ ಮದುವೆಯಲ್ಲಿ ತಂದದ್ದು. ರಾಗಿ ಅಳೆಯಲು ಬಳಸುತ್ತಿದ್ದರು. ಅಂಚಿನ ತಗ್ಗು ಲೈನುಮನೆಯಿಂದ ಈ ಮನೆಗೆ ಬರುವಾಗ ಬಿದ್ದು ಆದದ್ದು. ಹೇಳಿದವರು ಅಜ್ಜಿಯ ಕಿರಿಯ ಮಗಳು. ಬರೆದವರು ಮೊಮ್ಮಗ.’ ಇದರ ಕೆಳಗೆ ದಿನಾಂಕ. ಇಷ್ಟು ಬರೆದರೆ ಆ ಸೇರು ಮತ್ತೆ ಮೂಕವಾಗದು. ಆ ತಗ್ಗನ್ನು ತಟ್ಟಿ ಸರಿಪಡಿಸಬಾರದು, ಹುಣಿಸೆಹಣ್ಣು ಹಚ್ಚಿ ಪದೇಪದೇ ಬೆಳಗಲೂಬಾರದು. ಸವೆತವೂ ವಸ್ತುವಿನ ಚರಿತ್ರೆಯೇ.

ಕಾಗದಗಳನ್ನು ಓದಬಲ್ಲವರಿಂದ ಗಟ್ಟಿಯಾಗಿ ಓದಿಸಿ ಆ ಧ್ವನಿಯನ್ನು ಮುದ್ರಿಸಿಕೊಳ್ಳಿ. ಅಜ್ಜನ ಕಾಗದವನ್ನು ಅಜ್ಜಿಯೋ ಚಿಕ್ಕಜ್ಜನೋ ಓದುವಾಗ ನಡುನಡುವೆ ಬರುವ ವಿವರಣೆಗಳು ಕಾಗದದಷ್ಟೇ ಬೆಲೆಯುಳ್ಳವು. ಮದುವೆಯ ಆಮಂತ್ರಣ, ಶಾಲೆಯ ಅಂಕಪಟ್ಟಿ, ಪಡಿತರ ಚೀಟಿ, ಹೊಲದ ಪಟ್ಟಾ, ಮನೆಯ ಲೆಕ್ಕದ ಪುಸ್ತಕ ಇವೆಲ್ಲ ಉಳಿಸತಕ್ಕವು. ಹಾಲಿನವನ ಲೆಕ್ಕದ ಒಂದು ಹಳೆಯ ಪುಟ ಆ ಕಾಲದ ಬೆಲೆಯನ್ನು ನೂರು ಭಾಷಣಗಳಿಗಿಂತ ಚೆನ್ನಾಗಿ ತಿಳಿಸುತ್ತದೆ.

7. ಪರಿಶೀಲನೆ

ಹಿರಿಯರು ಹೇಳಿದುದೆಲ್ಲವೂ ಅಕ್ಷರಶಃ ಸತ್ಯವೇ? ಈ ಪ್ರಶ್ನೆಯನ್ನು ಗೌರವಪೂರ್ವಕವಾಗಿಯೇ ಕೇಳಿಕೊಳ್ಳಬೇಕು. ಸುಲ್ಲಿಯವರ ಕಥನದಲ್ಲಿ ತಮ್ಮನ್ನೇ ಘಟನೆಗಳ ನಡುವಿಗೆ ತಂದುಕೊಳ್ಳುವ ಒಲವಿದ್ದುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಅದರಿಂದ ಸುಲ್ಲಿಯವರ ಮಾತಿನ ಬೆಲೆ ಕಡಮೆಯಾಗಲಿಲ್ಲ. ಘಟನೆ ಹೇಗೆ ನಡೆಯಿತೆಂಬುದು ಒಂದು ಸಂಗತಿ, ಅದನ್ನು ಅನುಭವಿಸಿದವರು ಹೇಗೆ ನೆನೆಯುತ್ತಾರೆಂಬುದು ಮತ್ತೊಂದು ಸಂಗತಿ. ಎರಡನ್ನೂ ಬೇರೆಬೇರೆಯಾಗಿ ಬರೆದಿಡುವುದು ವಿದ್ಯಾರ್ಥಿಯ ಧರ್ಮ.

ವರ್ಷವನ್ನು ಗೊತ್ತುಹಚ್ಚಲು ಎಲ್ಲರಿಗೂ ತಿಳಿದ ಘಟನೆಗಳನ್ನು ಗೂಟವಾಗಿ ಬಳಸಬಹುದು. ಮೋಯಾರ್ ಕೇಂದ್ರ ಆರಂಭವಾದ 1952, ರಾಜ್ಯ ಪುನರ್ವಿಂಗಡಣೆಯ 1956, ಮದರಾಸು ರಾಜ್ಯಕ್ಕೆ ತಮಿಳುನಾಡೆಂಬ ಹೆಸರು ಬಂದ 1969, ತುರ್ತುಪರಿಸ್ಥಿತಿಯ 1975, ಬೆಟ್ಟಗಳು ಕುಸಿದ 1978ರ ನವೆಂಬರಿನ ಮ‌ಳೆ, ಮತ್ತೆ ಅದೇ ಬಗೆಯ 2009ರ ನವೆಂಬರಿನ ಮಳೆ ಇವು ನಮ್ಮ ಜಿಲ್ಲೆಯವರಿಗೆ ಒದಗುವ ಗೂಟಗಳು. ‘ಚಿಕ್ಕಪ್ಪ ಹುಟ್ಟಿದ್ದು ಆ ದೊಡ್ಡ ಮಳೆಗೆ ಮುಂಚೆಯೋ ಆಮೇಲೆಯೋ?’ ಎಂದರೆ ವರ್ಷ ಮರೆತವರೂ ಉತ್ತರ ಹೇಳಬಲ್ಲರು. ಅನಂತರ ಶಾಲೆಯ ದಾಖಲೆ, ಆಮಂತ್ರಣ, ನೆರೆಯವರ ನೆನಪು ಇವುಗಳೊಡನೆ ತಾಳೆನೋಡಬೇಕು. ಇಬ್ಬರ ಮಾತು ಬೇರೆಯಾದರೆ ಒಂದನ್ನು ಅಳಿಸಬೇಡಿ. ಎರಡನ್ನೂ, ಹೇಳಿದವರ ಹೆಸರಿನೊಡನೆ ಬರೆಯಿರಿ.

8. ಅಪ್ಪಣೆ ಮತ್ತು ಮರ್ಯಾದೆ

ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾದುದು ಇಲ್ಲಿ. ರಿವರ್ಸ್ ಅವರು ತೋಡರಲ್ಲಿ ಕೆಲಸಮಾಡುತ್ತಿದ್ದ ಕಾಲದಲ್ಲಿಯೇ, ಅವರಿಗೆ ಪವಿತ್ರ ವಿಷಯಗಳನ್ನು ತಿಳಿಸಿದ ಕೆಲವರಿಗೆ ಆಪತ್ತುಗಳು ಬಂದುವು. ಹೇಳಬಾರದುದನ್ನು ಹೇಳಿದುದರ ಫಲವಿದೆಂದು ಜನ ಭಾವಿಸಿದರು, ಹೇಳುವವರು ಹಿಂಜರಿದರು. ಈ ಸಂಗತಿಯನ್ನು ರಿವರ್ಸ್ ಅವರೇ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಆಪತ್ತಿಗೆ ಕಾರಣವೇನೆಂಬ ಚರ್ಚೆ ಬೇಡ. ಹೇಳಿದವರ ಮನಸ್ಸಿನ ಭಾರವನ್ನು ಕೇಳುವವರು ಅರಿತಿರಬೇಕು.

ನಮ್ಮ ಮನೆಗಳಲ್ಲಿಯೂ ಹೇಳಲಾಗದ ಮಾತುಗಳಿವೆ. ಸಾಲ, ಜಗಳ, ಪಾಲುಪಾರಿಕತ್ತು, ಮಗುವಿನ ಮರಣ, ಜಾತಿಯ ಹೆಸರಿನಲ್ಲಿ ಉಂಡ ಅವಮಾನ, ಮನೆ ಬಿಟ್ಟುಹೋದ ಮಗ ಇವನ್ನು ಕೆದಕಿ ಕೇಳುವ ಅಧಿಕಾರ ಯಾರಿಗೂ ಇಲ್ಲ. ಹೇಳಿದರೆ ಕೇಳಬೇಕು, ಬೇಡವೆಂದರೆ ನಿಲ್ಲಿಸಬೇಕು. ಮುದ್ರಿಸುವ ಮುನ್ನ ಒಪ್ಪಿಗೆ ಪಡೆಯಬೇಕು. ಮುಗಿದ ಮೇಲೆ ಪೂರ್ತಿಯಾಗಿ ಕೇಳಿಸಿ, ‘ಯಾವುದನ್ನು ತೆಗೆಯಲಿ? ಯಾರಿಗೆಲ್ಲ ಕೇಳಿಸಬಹುದು?’ ಎಂದು ಮತ್ತೊಮ್ಮೆ ವಿಚಾರಿಸಬೇಕು. ಅಜ್ಜಿ ಮೊಮ್ಮಗಳಿಗೆಂದು ಹೇಳಿದ ಮಾತನ್ನು ಫೋನಿನ ಮೂಲಕ ಊರಿಗೆಲ್ಲ ಹಂಚುವುದು ನಂಬಿಕೆದ್ರೋಹ. ಚಿತ್ರಗಳನ್ನು ಎರವಲು ತಂದರೆ ಪ್ರತಿ ತೆಗೆದುಕೊಂಡು ಅಂದೇ ಹಿಂದಿರುಗಿಸತಕ್ಕದ್ದು. ಮೂಲವಸ್ತು ಮನೆಗೆ ಸೇರಿದುದು.

9. ಕಾಪಾಡುವ ಬಗೆ

ನೀಲಗಿರಿಯ ತಂಪೂ ತೇವವೂ ಪ್ರವಾಸಿಗರಿಗೆ ಹಿತವಾಗಿರಬಹುದು, ಹಳೆಯ ಕಾಗದಕ್ಕಲ್ಲ. ಬೂಷ್ಟು, ಹುಳು ಇವೆರಡೂ ತೇವದಿಂದ ಹೆಚ್ಚುತ್ತವೆ. ಅಡಿಗೆಮನೆಯ ಹೊಗೆ ತಾಗುವ ಕಡೆ, ಹೊರಗೋಡೆಗೆ ಒತ್ತಿಕೊಂಡಂತೆ, ನೆಲದ ಮೇಲೆ ಚಿತ್ರಗಳನ್ನೂ ಕಾಗದಗಳನ್ನೂ ಇಡಬಾರದು. ಒಳಕೋಣೆಯ ಮರದ ಅಥವಾ ತಗಡಿನ ಬೀರುವಿನಲ್ಲಿ, ಒಂದೊಂದನ್ನೂ ಶುಭ್ರವಾದ ಬಿಳಿಯ ಕಾಗದದ ಲಕೋಟೆಯಲ್ಲಿಟ್ಟು, ಮಳೆಗಾಲ ಕಳೆದ ಮೇಲೆ ಒಮ್ಮೆ ತೆರೆದು ನೆರಳಿನಲ್ಲಿ ಗಾಳಿಯಾಡಿಸಬೇಕು. ಹಳೆಯ ಸೀರೆಯನ್ನು ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಮಡಿಕೆಯಲ್ಲಿಯೇ ಹರಿಯುತ್ತದೆ. ಮಡಿಕೆಯನ್ನು ಆಗಾಗ ಬದಲಾಯಿಸಬೇಕು.

ಫೋನಿನಲ್ಲಿದ್ದರೆ ಭದ್ರವೆಂದು ನಂಬಬೇಡಿ. ಫೋನು ಕೆಟ್ಟರೆ, ಕಳೆದರೆ ಎಲ್ಲವೂ ಹೋಯಿತು. ಪ್ರತಿಯೊಂದು ಧ್ವನಿಮುದ್ರಣಕ್ಕೂ ಮೂರು ಪ್ರತಿಗಳಿರಲಿ. ಒಂದು ಮನೆಯ ಕಂಪ್ಯೂಟರಿನಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಮತ್ತೊಂದು ಬೇರೆ ಊರಿನ ನಂಟರ ಮನೆಯಲ್ಲಿ. ಐದಾರು ವರ್ಷಗಳಿಗೊಮ್ಮೆ ಹೊಸ ಡಿಸ್ಕಿಗೆ ವರ್ಗಾಯಿಸಬೇಕು. ಕಡತಕ್ಕೆ ವರ್ಷ, ತಿಂಗಳು, ದಿನ, ಹೇಳಿದವರ ಹೆಸರು, ಊರು ಎಂಬ ಕ್ರಮದಲ್ಲಿ ಹೆಸರಿಡಿ. ಇಷ್ಟರ ಮೇಲೆಯೂ, ಮುಖ್ಯವಾದ ಮಾತುಗಳನ್ನು ಕೈಯಿಂದ ಒಂದು ನೋಟುಪುಸ್ತಕಕ್ಕೆ ಇಳಿಸಿ. ಯಂತ್ರಗಳು ಬದಲಾಗುತ್ತವೆ, ಕಾಗದದ ಮೇಲಿನ ಕನ್ನಡ ಅಕ್ಷರವನ್ನು ಓದಲು ಕಣ್ಣು ಸಾಕು.

ದೊಡ್ಡ ಪ್ರಮಾಣದಲ್ಲಿ ಇಂಥ ಕೆಲಸ ಹೇಗೆ ನಡೆಯುತ್ತದೆಂಬುದನ್ನು ನೋಡಬಯಸುವವರಿಗೆ ನಮ್ಮ ಜಿಲ್ಲೆಯಲ್ಲಿಯೇ ಅವಕಾಶವಿದೆ. ಕೋಟಗಿರಿಯ ಬಳಿ ಕನ್ನೇರಿಮುಕ್ಕಿನಲ್ಲಿ, ಜಾನ್ ಸಲಿವನ್ ಕಟ್ಟಿಸಿದ ಬಂಗಲೆಯನ್ನು ದುರಸ್ತಿಮಾಡಿ ನೀಲಗಿರಿಯ ಚರಿತ್ರೆಗೆ ಸಂಬಂಧಿಸಿದ ಚಿತ್ರಗಳನ್ನೂ ದಾಖಲೆಗಳನ್ನೂ ಇರಿಸಿದ್ದಾರೆ. ಉದಕಮಂಡಲದ ಬಳಿಯ ಎಂ. ಪಾಲಡದಲ್ಲಿ ಸರಕಾರದ ಬುಡಕಟ್ಟು ಸಂಶೋಧನ ಕೇಂದ್ರದ ವಸ್ತುಸಂಗ್ರಹಾಲಯವಿದೆ. ಮೈಸೂರಿಗೆ ಹೋದವರು ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯದಲ್ಲಿ ಕನ್ನಡ ನಾಡಿನ ಗೃಹೋಪಯೋಗಿ ವಸ್ತುಗಳನ್ನು ಕಾಣಬಹುದು. ಅಲ್ಲಿ ನೋಡುವಾಗ ವಸ್ತುವಿನ ಜೊತೆಗಿರುವ ಚೀಟಿಯನ್ನೂ ಗಮನಿಸಿ ಓದಿ. ಚೀಟಿ ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಟ್ಟಿದೆ ಎಂದು ಯೋಚಿಸಿ.

10. ಉಪಸಂಹಾರ

ನಮ್ಮ ಜಿಲ್ಲೆಯನ್ನು ಕುರಿತು ಗ್ರಂಥಗಳಿಗೆ ಕೊರತೆಯಿಲ್ಲ. ಅಧಿಕಾರಿಗಳು, ಪಾದ್ರಿಗಳು, ತೋಟದ ದೊರೆಗಳು, ವಿದ್ವಾಂಸರು ತಮಗೆ ಕಂಡಂತೆ ಬರೆದಿದ್ದಾರೆ. ಅವುಗಳಲ್ಲಿ ನಮ್ಮ ಮನೆಯವರು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಒಂದು ಸಂಖ್ಯೆಯಾಗಿ, ಒಂದು ಕುಲದ ಹೆಸರಾಗಿ, ಕೂಲಿಯ ಪಟ್ಟಿಯ ಒಂದು ಸಾಲಾಗಿ. ಅದನ್ನು ತಿದ್ದುವ ಶಕ್ತಿ ಎಂಟನೆಯ ತರಗತಿಯ ಒಬ್ಬ ಹುಡುಗಿಯ ಕೈಯಲ್ಲಿಯೂ ಇದೆ. ಅವಳಿಗೆ ಬೇಕಾದುದು ಒಂದು ನೋಟುಪುಸ್ತಕ, ಒಂದು ಫೋನು, ಕೇಳುವ ಕಿವಿ.

ಆದುದರಿಂದ ಈ ಬೇಸಗೆಯ ರಜೆಗೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಅಭ್ಯಾಸವನ್ನು ಸೂಚಿಸುತ್ತೇನೆ. ಮನೆಯ ಅಥವಾ ನೆರೆಯ ಹಿರಿಯರೊಬ್ಬರನ್ನು ಒಂದು ಗಂಟೆ ಕೇಳಿ ಮುದ್ರಿಸಿಕೊಳ್ಳಿ. ಒಂದು ಭಾವಚಿತ್ರದಲ್ಲಿರುವ ಎಲ್ಲರ ಹೆಸರನ್ನೂ ಬರೆಯಿರಿ. ಒಂದು ವಸ್ತುವಿಗೆ ಚೀಟಿಯನ್ನು ಸಿದ್ಧಪಡಿಸಿ. ನಿಮ್ಮ ಮನೆಯ ಮೂರು ತಲೆಮಾರುಗಳ ವಂಶಾವಳಿಯನ್ನು ಬರೆಯಿರಿ, ಅದರಲ್ಲಿ ಮದುವೆಯಾಗಿ ಬಂದ ಹೆಣ್ಣುಮಕ್ಕಳ ತವರಿನ ಹೆಸರನ್ನೂ ಹೊರಗೆ ಹೋದ ಹೆಣ್ಣುಮಕ್ಕಳ ಹೆಸರನ್ನೂ ಬಿಡಬೇಡಿ. ಹಳೆಯ ವಂಶಾವಳಿಗಳಲ್ಲಿ ಮೊದಲು ಕಳೆದುಹೋಗುವುದು ಅವರ ಹೆಸರುಗಳೇ. ಮನೆಯವರು ಒಪ್ಪಿದರೆ ಒಂದು ಪ್ರತಿಯನ್ನು ಶಾಲೆಗೆ ತಂದುಕೊಡಿ, ಪುಸ್ತಕಭಂಡಾರದಲ್ಲಿ ಅದಕ್ಕೊಂದು ಕಪಾಟನ್ನು ಒದಗಿಸಬಹುದು.

ಈ ಕೆಲಸಕ್ಕೆ ವಿದ್ಯಾರ್ಥಿಗಳು ರಜೆಯ ಕೊನೆಯ ವಾರದವರೆಗೆ ಕಾಯಬಾರದು. ಹಿರಿಯರ ಆರೋಗ್ಯ ನಮ್ಮ ವೇಳಾಪಟ್ಟಿಗೆ ಕಟ್ಟುಬಿದ್ದುದಲ್ಲ. ಮೊದಲನೆಯ ಭಾನುವಾರವೇ ಆರಂಭಿಸುವುದು ಉತ್ತಮ.